ಹಿಂಡೂ ಮಟ ಕಬ್ಬು

ಸಮೀರವಾಡಿ ಸಕ್ಕರೆ ಕಾರ್ಖಾನೆ ಮುಂದಿನ ಚಾದಂಗಡಿ. ಕಬ್ಬಿನ ಟ್ರ್ಯಾಕ್ಟರ್ ಸಾಲು ಇನ್ನೂ ಅಲುಗಾಡಿಲ್ಲ.

ಶಿವು: ಕಾಕಾ, ನಲವತ್ತಾತ್ರಿ. ಮಾಸ್ಟರ್ಸ್ ಓದಾಕ ಮೆಲ್ಬರ್ನ್‌ಗೆ ಹೊಂಟೇನ್ರಿ. ಕಲಿಯಾಕ ವಯಸ್ಸಿಲ್ಲಂತ್ರಿ ಅಲ್ಲಿ.

ಕಾಕಾ: ಫೀ ಕೊಡಾಕೂ ಇಲ್ಲನ್ನು. ಓದು ಮುಗದ ಮ್ಯಾಲ?

ಶಿವು: ಉಳದು ದುಡಿಯೂ ವೀಸಾಕ್ಕ ಬಹುತೇಕರಿಗೆ 35 ವರ್ಷದ ಮಿತಿ ಐತ್ರಿ. 2024ರ ಜುಲೈದಾಗ 50ರಿಂದ ಇಳಿಸ್ಯಾರ.

ಕಾಕಾ: ಅಂದ್ರ ಬರೂವಾಗ ವಿದ್ಯಾರ್ಥಿ, ಪದವಿ ಕೈಗೆ ಬಂದಕೂಡ್ಲೇ ಮುದುಕ!

ಶಿವು: ಹಂಗಲ್ರಿ. ಅಲ್ಲಿ ಮನಿ ಸಾಲವಲ್ದು. ಅವರ ಊರು, ಅವರ ಕಾಯ್ದೆ.

ಕಾಕಾ: ಖರೆ. ಮನ್ಯಾಗ ಜಾಗಾ ಇಲ್ಲಂದ್ರ ನಾವೂ ಬೀಗರಿಗೆ ಬರಬ್ಯಾಡ್ರಿ ಅಂತೀವಿ. ಆದ್ರ ಊಟದ ರೊಕ್ಕ ಮುಂಗಡ ಇಸಗೊಂಡು, ಕೈ ತೊಳದಕೂಡ್ಲೇ ಬಸ್ಸಿನ ಟೈಮ್ ಹೇಳೂದಿಲ್ಲಪ್ಪ. ಓದೂ ವೀಸಾದ ಅರ್ಜಿ ಫೀ ಎಷ್ಟು?

ಶಿವು: 710 ಡಾಲರ್ ಇದ್ದದ್ದು 1,600 ಆತು, 2025ರಾಗ 2,000. ವೀಸಾ ಸಿಗದಿದ್ರೂ ವಾಪಸ್ ಬರೂದಿಲ್ರಿ.

ಕಾಕಾ: ನಿನಗ ಸಿಗದಿದ್ರೇನು, ರೊಕ್ಕಕ್ಕರೆ ಅಲ್ಲಿ ಕಾಯಂ ವಸ್ತಿ ಸಿಕ್ಕತು!

ಶಿವು: ನಮ್ಮ ಕಾರ್ಖಾನಿನೂ ಹಿಂಡತೈತಲ್ರಿ?

ಕಾಕಾ: ಹಿಂಡತೈತಿ. ಆದ್ರ ಸಿಪ್ಪಿ ಸುಟ್ಟು ಕರೆಂಟರೆ ಮಾಡತೈತಿ. ಅವರು ರಸ ಇಟಗೊಂಡು ಸಿಪ್ಪಿ ಸಮೀರವಾಡಿಗೇ ಕಳಸ್ತಾರ!