ಗಾಳಿದ್ವೇಷಿ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಚಳಿಗಾಲಕ್ಕೆ ಹೆಪ್ಪುಗಟ್ಟುವ ಮಿಲ್ ಲ್ಯಾಕ್ಸ್ ಸರೋವರದ ಮೇಲೆ ಮೀನು ಹಿಡಿಯಲೆಂದು ಸಾಲಾಗಿ ಎದ್ದು ನಿಲ್ಲುವ ಪುಟ್ಟ ಗುಡಿಸಲುಗಳಲ್ಲಿ, ಗಾಳಿದ್ವೇಷಿ ಎನ್ನಬಹುದಾದ ಮನುಷ್ಯವರ್ಗವೊಂದು ಕಾಣಸಿಗುತ್ತದೆ. ಚಳಿಯೆಂಬುದು ತನ್ನನ್ನೇ ಗುರಿಯಾಗಿಸಿ ಮಾಡಿದ ಅವಮಾನವೆಂದು ನಂಬಿರುವ ಈತ, ಗಾಳಕ್ಕಿಂತ ಮೊದಲು ಟೇಪನ್ನು ಕೈಗೆತ್ತಿಕೊಂಡು, ಬಾಗಿಲ ಸಂದಿಯನ್ನೂ ಕಿಟಕಿಯ ಅಂಚನ್ನೂ, ಗುಡಿಸಲು ಕಟ್ಟಿದವರು ಬೇಕೆಂದೇ ಬಿಟ್ಟಿದ್ದ ಗಾಳಿಕಿಂಡಿಗಳನ್ನೂ ಮುಚ್ಚಿ, ಹೆಬ್ಬೆರಳಿನಿಂದ ಒತ್ತಿ ನೀವಿದ ಮೇಲೆಯೇ ಪ್ರೊಪೇನ್ ಹೀಟರ್ ಹೊತ್ತಿಸುತ್ತಾನೆ. ಬೆಂಗಳೂರಿನಲ್ಲಿ ಗ್ಯಾಸ್ ಗೀಸರ್ ಇರುವ ಬಚ್ಚಲುಮನೆಯ ವೆಂಟಿಲೇಟರಿಗೆ ರಟ್ಟು ಬಡಿಯುವವನು ಇವನ ದಾಯಾದಿಯೇ ಸರಿ.

ಕೈಯಲ್ಲಿ ಹಿಡಿದೊಯ್ಯುವ ಈ ಹೀಟರಿಗೆ ಹೊಗೆಕೊಳವೆ ಇರುವುದಿಲ್ಲವಾದ್ದರಿಂದ, ಅದು ಒಳಗಿನ ಆಮ್ಲಜನಕವನ್ನೇ ಬಳಸಿ, ಇಂಗಾಲದ ಡೈಆಕ್ಸೈಡನ್ನೂ ನೀರಾವಿಯನ್ನೂ ಒಳಗೇ ಬಿಡುತ್ತದೆ. ಆಮ್ಲಜನಕ ಸಾಲದೆ ಉರಿ ಅರೆಬರೆಯಾದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟಿ, ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಗೋಡೆಯ ಮೇಲೆ ನೀರು ಹನಿಗಟ್ಟಿ ಇಳಿಯುವುದನ್ನು ಗಾಳಿದ್ವೇಷಿಯು ತನ್ನ ಕೆಲಸದ ಅಚ್ಚುಕಟ್ಟಿಗೆ ಸಾಕ್ಷಿಯೆಂದು ಅತಿಥಿಗಳಿಗೆ ತೋರಿಸುತ್ತಾನೆ. ವಿಷಾನಿಲವಿದ್ದರೆ ವಾಸನೆ ಬರುವುದಿಲ್ಲವೇ ಎಂಬುದು ಅವನ ವಾದ. ಸೋರುವ ಪ್ರೊಪೇನಿಗೆ ವಾಸನೆ ಬರುವುದು ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕಯುಕ್ತ ವಸ್ತುವನ್ನು ಬೇಕೆಂದೇ ಬೆರೆಸಿರುವುದರಿಂದ. ಕಾರ್ಬನ್ ಮೊನಾಕ್ಸೈಡಿಗೆ ಆ ಉಪಕಾರವನ್ನು ಯಾರೂ ಮಾಡಿಲ್ಲ.

ಗಾಳಿಯಲ್ಲಿ ಸಾಮಾನ್ಯವಾಗಿ ಶೇ. 21ರಷ್ಟಿರುವ ಆಮ್ಲಜನಕ ಶೇ. 18ರ ಆಸುಪಾಸಿಗೆ ಇಳಿದೊಡನೆ ಅನಿಲವನ್ನು ತಡೆಯುವ ಸಂವೇದಕವೊಂದು ಇಂಥ ಬಹುತೇಕ ಹೀಟರುಗಳಲ್ಲಿದ್ದು, ಅದು ತನ್ನ ಕರ್ತವ್ಯ ಮಾಡಿದಾಗಲೆಲ್ಲ ಗಾಳಿದ್ವೇಷಿಯು ಕಳಪೆ ಮಾಲೆಂದು ಬೈಯುತ್ತ ಮತ್ತೆ ಹೊತ್ತಿಸುತ್ತಾನೆ. ತಲೆನೋವು ಬಂದರೆ ಹಿಂದಿನ ರಾತ್ರಿಯ ಬಿಯರು ಕಾರಣ. ಕಾರ್ಬನ್ ಮೊನಾಕ್ಸೈಡ್ ಪತ್ತೆಹಚ್ಚುವ ಅಲಾರಂ ಕೂಗಿದರೆ ಬ್ಯಾಟರಿ ಹೊರಗೆ.

ಇಷ್ಟಾಗಿಯೂ ಈ ವರ್ಗ ಅಳಿಯದೆ ಉಳಿದಿರುವುದಕ್ಕೆ ಅದರ ಹೊಟ್ಟೆಕಿಚ್ಚೇ ಕಾರಣವೆಂದು ತೋರುತ್ತದೆ: ಪಕ್ಕದ ಗುಡಿಸಲಿನವನಿಗೆ ದೊಡ್ಡ ಮೀನು ಸಿಕ್ಕಿತೇ ಎಂದು ನೋಡಲು ಆತ ಗಳಿಗೆಗೊಮ್ಮೆ ಬಾಗಿಲು ತೆರೆಯುತ್ತಾನೆ, ಆಗೆಲ್ಲ ಒಂದಿಷ್ಟು ಗಾಳಿ ಒಳನುಗ್ಗುತ್ತದೆ. ನಿದ್ದೆಯಲ್ಲಿ ಈ ವ್ಯವಸ್ಥೆಯೂ ಕೆಲಸ ಮಾಡದಾದ್ದರಿಂದ, ಜೊತೆಗೆ ತಂಗುವ ಅನುಭವಸ್ಥ ಗೆಳೆಯರು ಮಲಗುವ ಮುನ್ನ ಹೀಟರನ್ನು ಆರಿಸಿ, ಸಿಲಿಂಡರನ್ನು ಕಳಚಿ ಹೊರಗಿಟ್ಟು, ಗಾಳಿಕಿಂಡಿಗಳನ್ನು ಬಿಡಿಸಿ, ಅಲಾರಮ್ಮಿಗೆ ಹೊಸ ಬ್ಯಾಟರಿ ಹಾಕಿ ಅವನ ಕೈಗೆಟುಕದಂತೆ ತೂಗುಹಾಕುತ್ತಾರೆ.