ಹೌಎವರ್ ದೊರೈ

ಹೌಎವರ್ ದೊರೈ ಯಾರಿಗೂ 'ಆಗೋದಿಲ್ಲ' ಅನ್ನುವವರಲ್ಲ. ಹಾಗಂತ ಯಾವುದಕ್ಕೂ ಒಪ್ಪುವವರೂ ಅಲ್ಲ. ಊರು ಹಾಸನದ ಕಡೆ, ಉದ್ಯೋಗ ವಾಲ್ಪಾರೈನ ಒಂದು ಟೀ ಎಸ್ಟೇಟಿನಲ್ಲಿ, ಹುದ್ದೆ ಅಸಿಸ್ಟೆಂಟ್ ಮ್ಯಾನೇಜರು. ಬ್ರಿಟಿಷರು ಹೋಗಿ ಇಷ್ಟು ಕಾಲವಾದರೂ ಆನೈಮಲೈ ಬೆಟ್ಟದ ತೋಟಗಳಲ್ಲಿ ಮ್ಯಾನೇಜರು ಪೆರಿಯ ದೊರೈ, ಅಸಿಸ್ಟೆಂಟು ಸಿನ್ನ ದೊರೈ. ನಮ್ಮವರ 'ಸಿನ್ನ' ಯಾವಾಗಲೋ ಕಳಚಿ ಬಿದ್ದು, ಆ ಜಾಗಕ್ಕೆ 'ಹೌಎವರ್' ಬಂದು ಕೂತಿತು. ಇಂಥವರು ನಿಮ್ಮ ಬ್ಯಾಂಕಿನಲ್ಲೂ ಇದ್ದಾರೆ, ಪಕ್ಕದ ಮನೆಯ ಸಾಫ್ಟ್‌ವೇರ್ ಹುಡುಗನ ಟೀಮಿನಲ್ಲೂ ಇದ್ದಾರೆ. ಆದರೆ ಆಳಿಯಾರಿನಿಂದ 40 ಹೇರ್‌ಪಿನ್ ತಿರುವು ಹತ್ತಿದ ಮೇಲೆ, ಸುತ್ತ ಕಾಡು ಇರುವ ಕಡೆ, ಈ ಕಲೆ ಸ್ವಲ್ಪ ಹೆಚ್ಚು ಎದ್ದು ಕಾಣುತ್ತದೆ.

ಯಾಕೆಂದರೆ ಟೀ ಎಂಬುದು ಮುಲಾಜಿಲ್ಲದವರ ದಂಧೆ. ಫ್ಯಾಕ್ಟರಿಯಲ್ಲಿ ಟೀ ಮೇಕರ್ ಬಿಳಿ ಬಟ್ಟಲುಗಳನ್ನು ಸಾಲಾಗಿ ಇಟ್ಟು, ಒಂದೊಂದು ಚಮಚ ಸೊರ್ರೆಂದು ಎಳೆದು, ಉಗಿದು, 'ಥಿನ್' ಅನ್ನುತ್ತಾನೆ. ಮುಂದಿನದಕ್ಕೆ 'ಪ್ಲೇನ್'. ಬೆಂಕಿ ಹೆಚ್ಚಾಗಿದ್ದರೆ 'ಬೇಕಿ'. ಮುಗಿಯಿತು. ಬಟ್ಟಲಿಗೆ ಬೇಸರವಾದೀತೆಂದು ಯಾರೂ ಯೋಚಿಸುವುದಿಲ್ಲ. 1893ರಲ್ಲಿ ಹುಟ್ಟಿದ ತೋಟಗಾರರ ಸಂಘ ಉಪಾಸಿಯ ಟೀ ಸಂಶೋಧನಾ ಕೇಂದ್ರ ಇದೇ ವಾಲ್ಪಾರೈನ ನೀರಾರ್ ಅಣೆಕಟ್ಟಿನ ಹತ್ತಿರ ಇದೆ. ಅಲ್ಲಿಯ ವಿಜ್ಞಾನಿಗಳದ್ದೂ ಮಾಡು, ಮಾಡಬೇಡ ಎಂಬ ಲೆಕ್ಕದ ಮಾತೇ. ಹೌಎವರ್ ದೊರೈ ಮಾತ್ರ ಅದೇ ಬಟ್ಟಲನ್ನು ಬಾಯಿಗಿಟ್ಟು, ಮುಖ ಹುಳ್ಳಗೆ ಮಾಡಿ, "ಐ ವುಡ್ ಸೇ ದೇರ್ ಈಸ್ ಸ್ಕೋಪ್" ಅನ್ನುತ್ತಾರೆ. ಯಾವುದಕ್ಕೆ ಸ್ಕೋಪು ಅಂತ ಕೇಳಿದವರಿಲ್ಲ.

ಮೊದಲು ಹೀಗಿರಲಿಲ್ಲವಂತೆ. ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಂದ ಹುಡುಗ, "ಸಾರ್, ನೋ ಸಾರ್" ಅಂತ ನೆಟ್ಟಗೆ ಹೇಳಿಬಿಡುತ್ತಿದ್ದರು. ಆಮೇಲೆ ಕಂಪನಿಯವರು ಬೆಂಗಳೂರಿನ ಒಂದು ಹೋಟೆಲಿನಲ್ಲಿ ಟ್ರೈನಿಂಗ್ ಇಟ್ಟರು. ಒಪ್ಪದ ಮಾತನ್ನು ನೋವಾಗದಂತೆ ಹೇಳುವುದು ಹೇಗೆ ಎಂಬುದೇ ವಿಷಯ. ಮೊದಲು ಹೊಗಳಿ, ನಡುವೆ ತಪ್ಪು ತೋರಿಸಿ, ಕೊನೆಗೆ ಮತ್ತೆ ಹೊಗಳಿ ಎಂದು ಟೈ ಕಟ್ಟಿದ ಹುಡುಗಿ ಕಲಿಸಿಕೊಟ್ಟಳು. ದೊರೈ ಬೆಟ್ಟಕ್ಕೆ ವಾಪಸು ಬಂದವರೇ ಗೊಬ್ಬರದ ಲೆಕ್ಕ ತಪ್ಪಿಸಿದ್ದ ಸೂಪರ್‌ವೈಸರನನ್ನು ಕರೆಸಿ ಪ್ರಯೋಗ ಮಾಡಿದರು. ಅವನಿಗೆ ಹಿಂದಿನದೂ ಮುಂದಿನದೂ ಕೇಳಿಸಿತು, ನಡುವಿನದು ಕೇಳಿಸಲಿಲ್ಲ. ಮಾರನೆಯ ದಿನ ಬಂದು ಇಂಕ್ರಿಮೆಂಟ್ ಕೇಳಿದ.

ಈ ವಿದ್ಯೆಯ ಪೂರ್ಣ ಪ್ರಭೆ ನೋಡಬೇಕೆಂದರೆ ಆನೆಯ ಪ್ರಸಂಗಕ್ಕೆ ಬರಬೇಕು. ವಾಲ್ಪಾರೈಯಲ್ಲಿ ಆನೆ ಹತ್ತಿರ ಬಂದರೆ ಜನರ ಮೊಬೈಲಿಗೆ ಸಂದೇಶ ಬರುತ್ತದೆ, ಆಯಕಟ್ಟಿನ ಜಾಗದಲ್ಲಿ ಕೆಂಪು ದೀಪ ಹತ್ತುತ್ತದೆ. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು ಶುರು ಮಾಡಿದ ಏರ್ಪಾಡು ಅದು. ಒಂದು ಸಂಜೆ ದೀಪ ಹತ್ತಿತು, ಟೀ ಸೊಪ್ಪಿನ ಲಾರಿ ದಾರಿಯಲ್ಲೇ ನಿಂತಿತು. ಕಿತ್ತ ಎಲೆ ಚೀಲದಲ್ಲಿ ಒತ್ತಿಕೊಂಡು ಹೊತ್ತು ಕಳೆದರೆ ಕಾವು ಏರಿ ಕೆಂಪಾಗುತ್ತದೆ. ಅಂಥ ಎಲೆಯಿಂದ ಒಳ್ಳೆ ಟೀ ಬರುವುದಿಲ್ಲ. ಯಾಕೆ ತಡ ಎಂದು ಬೆಂಗಳೂರಿನ ಹೆಡ್ಡಾಫೀಸು ಕೇಳಿತು. ಡ್ರೈವರ್ ಆಗಲೇ ಫೋನಿನಲ್ಲಿ ಉತ್ತರ ಹೇಳಿಯಾಗಿತ್ತು: "ಆನೈ ನಿಕ್ಕುದು ಸಾರ್." ಅದನ್ನೇ ಇಂಗ್ಲಿಷಿಗಿಳಿಸಿ ಕಳಿಸಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಬರಿಯ ಸಂಗತಿಯನ್ನು ಹಾಗೇ ಮೇಲ್‌ನಲ್ಲಿ ಹಾಕುವುದೆಂದರೆ ದೊರೈಗೆ ಪಂಚೆ ಉಡದೆ ಮದುವೆ ಪಂಕ್ತಿಗೆ ಕೂತಂತೆ. ಅವರು ಬರೆದರು: "ವೈಲ್ ವಿ ಫುಲ್ಲಿ ಅಪ್ರಿಷಿಯೇಟ್ ದ ಕನ್ಸರ್ನ್, ಸರ್ಟನ್ ಮೂವ್‌ಮೆಂಟ್ಸ್ ಆನ್ ದ ರೂಟ್ ವರ್ ಬಿಯಾಂಡ್ ಅವರ್ ಕಂಟ್ರೋಲ್."

ಬೆಂಗಳೂರಿನವರು ಮೂವ್‌ಮೆಂಟ್ ಅಂದರೆ ಯೂನಿಯನ್ ಗಲಾಟೆ ಎಂದುಕೊಂಡರು. ಸಂಬಂಧಪಟ್ಟ ಸ್ಟೇಕ್‌ಹೋಲ್ಡರುಗಳನ್ನು ಕೂಡಲೇ ಕರೆಸಿ ಕೂರಿಸಿ ಮಾತಾಡಿ, ಮೀಟಿಂಗಿನ ಮಿನಿಟ್ಸ್ ಕಳಿಸಿ ಎಂದು ಜವಾಬು ಬಂತು. ಈಗಲಾದರೂ ಆನೆ ಎನ್ನಬಹುದಿತ್ತು. "ವಿತ್ ಡ್ಯೂ ರೆಸ್ಪೆಕ್ಟ್, ದ ಸ್ಟೇಕ್‌ಹೋಲ್ಡರ್ ಮೇ ನಾಟ್ ಬಿ ಅವೈಲಬಲ್ ಫಾರ್ ಡಿಸ್ಕಶನ್ ಅಟ್ ದಿಸ್ ಸ್ಟೇಜ್" ಎಂದು ಬರೆದರು. ಅದಕ್ಕೆ, ಅವರು ಸಿಗುವ ದಿನಾಂಕ ತಿಳಿಸಿ ಎಂದು ಬಂತು. ಕಡೆಗೆ ಪೆರಿಯ ದೊರೈ ಫೋನೆತ್ತಿ ಮೂರು ಅಕ್ಷರದಲ್ಲಿ ವಿಷಯ ಮುಗಿಸಿದರಂತೆ. ಆ ಮೂರೂ ಅಕ್ಷರ ಇಲ್ಲಿ ಅಚ್ಚು ಹಾಕುವಂಥವಲ್ಲ.

ಇದನ್ನು ಬರೀ ಪುಕ್ಕಲುತನ ಅನ್ನುವಂತಿಲ್ಲ. ಬಂಗಲೆ ಕಂಪನಿಯದು, ಜೀಪು ಕಂಪನಿಯದು, ಮಗಳ ಸ್ಕೂಲಿನ ಫೀಸು ಕಂಪನಿಯ ಸಂಬಳದ್ದು. ಮೇಲಿನವರ ಒಂದು ಸಾಲು ಕೆಟ್ಟರೆ ಇವೆಲ್ಲ ಒಟ್ಟಿಗೆ ಘಾಟಿ ಇಳಿಯಬೇಕು. ಅದರ ಮೇಲೆ ಲಾಭವೂ ಉಂಟು. ಕೈಯಿಂದ ಕೊಯ್ಯುವುದು ಬಿಟ್ಟು ಮೆಷೀನು ಹಾಕೋಣ ಎಂದು ಬೆಂಗಳೂರಿನವರು ಪ್ಲಾನ್ ಕಳಿಸಿದಾಗ ದೊರೈ "ಇನ್ ಪ್ರಿನ್ಸಿಪಲ್ ಸಹಮತ, ಹೌಎವರ್ ಕೆಲವು ಅಂಶ ಫ್ಲ್ಯಾಗ್ ಮಾಡುತ್ತಿದ್ದೇನೆ" ಎಂಬರ್ಥದಲ್ಲಿ ಒಂದು ಪುಟ ಬರೆದರು. ಪ್ಲಾನ್ ಗೆದ್ದರೆ ಇವರು ಒಪ್ಪಿದವರು, ಸೋತರೆ ಎಚ್ಚರಿಸಿದವರು. ಯಾರಾದರೂ ಜಗಳಕ್ಕೆ ಬಂದರೆ "ಕೈಂಡ್ಲಿ ರೆಫರ್ ಟು ದ ಟ್ರೇಲ್ ಮೇಲ್". ಕಷ್ಟವೇನೆಂದರೆ, ಮೆಷೀನು ಬೇಕೋ ಬೇಡವೋ ಎಂದು ಅವರಿಗೆ ನಿಜವಾಗಿ ಅನಿಸಿದ್ದೇನು ಎಂಬುದು ಈಗ ಅವರಿಗೇ ನೆನಪಿಲ್ಲ. ನಾನು ಕೇಳಿದಾಗ ಫೋನ್ ತೆಗೆದು ಮೇಲ್ ಹುಡುಕಿದರು.

ಅವರ ಇಂಗ್ಲಿಷ್ ಕೆಲಸಕ್ಕೆ ಬಾರದ ಜಾಗ ಎಂದರೆ ಸೊಪ್ಪು ತೂಗುವ ಕಟ್ಟೆ. ಸುಮಾರು 4.5 ಕಿಲೋ ಹಸಿ ಎಲೆಗೆ ಒಂದು ಕಿಲೋ ಟೀ. ಮಳೆಗಾಲದಲ್ಲಿ ಎಲೆಯ ಜೊತೆ ನೀರೂ ತೂಗುವುದರಿಂದ ಒಂದಿಷ್ಟು ಕಿಲೋ ಮುರಿಯುವುದು ವಾಡಿಕೆ. ದೊರೈ ಕೊಡೆಯಡಿ ನಿಂತು ಹೊಗಳಿಕೆಯಿಂದಲೇ ಶುರು ಮಾಡುತ್ತಾರೆ, ಎಲ್ಲರೂ ಚೆನ್ನಾಗಿ ಕೆಲಸ ಮಾಡಿದ್ದೀರಿ, ಆದಾಗ್ಯೂ... ಸಾಲಿನ ಮೊದಲಲ್ಲಿ ನಿಂತ ಹೆಂಗಸು ತಲೆಯ ಮೇಲಿನ ಪ್ಲಾಸ್ಟಿಕ್ ಹಾಳೆ ಸರಿಸಿ ಕೇಳುತ್ತಾಳೆ: "ಎನ್ನ ದೊರೈ, ನಾಂಗ ತಣ್ಣಿಯಾ ಪರಿಚ್ಚೋಂ?" ನಾವೇನು ನೀರು ಕಿತ್ತು ತಂದೆವಾ? ಹಿಂದಿನವರೆಲ್ಲ ನಗುತ್ತಾರೆ. ಮುರಿದ ಎರಡು ಕಿಲೋದಲ್ಲಿ ಒಂದು ಕಿಲೋ ಆಗಲೇ ವಾಪಸು ಸೇರಿರುತ್ತದೆ.

ಮನೆಯಲ್ಲೂ ಅಷ್ಟೆ. ಉಪ್ಪಿಟ್ಟಿಗೆ ಉಪ್ಪು ಹೆಚ್ಚಾದ ದಿನ "ಒಟ್ಟಾರೆ ತುಂಬಾ ಚೆನ್ನಾಗಿದೆ, ಒಂದು ಸಣ್ಣ ಅಬ್ಸರ್ವೇಶನ್..." ಎನ್ನುವಷ್ಟರಲ್ಲಿ ಸಕಲೇಶಪುರದ ಹೆಂಡತಿ, "ಬೇಡಾಂದ್ರೆ ಬಿಡ್ರಿ, ಭಾಷಣ ಮಾಡಬೇಡಿ" ಎಂದು ತಟ್ಟೆ ಎತ್ತಿಕೊಂಡು ಹೋದರು.

ಈ ವರ್ಷದ ಅಪ್ರೈಸಲ್ಲಿನಲ್ಲಿ ಮೇಲಿನವರು ಬರೆದಿದ್ದಾರೆ: ಕೆಲಸದಲ್ಲಿ ನಿಷ್ಠೆಯಿದೆ, ಆದರೆ ತಮ್ಮ ಅಭಿಪ್ರಾಯವನ್ನು ಗಟ್ಟಿಯಾಗಿ ಹೇಳುವುದಿಲ್ಲ. ದೊರೈಗೆ ಸಿಟ್ಟು ನೆತ್ತಿಗೇರಿತು. ಇದನ್ನು ಬಿಡಬಾರದು ಎಂದು ರಾತ್ರಿ ಊಟ ಬಿಟ್ಟು ಕೂತು ಬರೆದರು, ತಿದ್ದಿದರು, ಕಟುವಾದ ಕಡೆ 'ಪರ್ಹ್ಯಾಪ್ಸ್' ಸೇರಿಸಿದರು, ಕಳಿಸಿದರು. ಬೆಳಿಗ್ಗೆ ಬೆಂಗಳೂರಿನಿಂದ ಉತ್ತರ ಬಂತು: ನಿಮ್ಮ ಒಳ್ಳೆಯ ಮಾತಿಗೆ ಧನ್ಯವಾದ, ಅಪ್ರೈಸಲನ್ನು ನೀವು ಒಪ್ಪಿದಿರೆಂದು ಫೈಲು ಕ್ಲೋಸ್ ಮಾಡಿದ್ದೇವೆ.