ಶೈತ್ಯಪೇಟಿಕಾಮೀಮಾಂಸೆ: ಮುಂಬಯಿ ಗೃಹಸ್ಥರಿಗೊಂದು ಶಾಸ್ತ್ರಪ್ರವೇಶ

ಪೀಠಿಕೆ

ಎರಡನೆಯ ಚಾವುಂಡರಾಯನು ಕ್ರಿ.ಶ. 1025ರ ಸುಮಾರಿಗೆ ತನ್ನ ಲೋಕೋಪಕಾರದಲ್ಲಿ ಪಾಕವಿಧಿಗೆ ಸ್ಥಾನ ಕೊಟ್ಟನು. ಮೂರನೆಯ ಮಂಗರಸನು ಸೂಪಶಾಸ್ತ್ರವನ್ನೇ ರಚಿಸಿದನು. ಪಾಕವು ಹೇಗೆ ಸಿದ್ಧವಾಗತಕ್ಕದ್ದೆಂಬುದು ಕನ್ನಡದಲ್ಲಿ ಹೀಗೆ ನಿರ್ಣೀತವಾಗಿದ್ದರೂ, ಸಿದ್ಧಪಾಕವು ಮಿಕ್ಕಾಗ ಅದರ ಗತಿಯೇನೆಂಬ ಪ್ರಶ್ನೆಗೆ ಸ್ವತಂತ್ರ ಶಾಸ್ತ್ರವೊಂದು ಹುಟ್ಟಲಿಲ್ಲ. ಆ ನ್ಯೂನತೆಯನ್ನು ನೀಗಲು ಪ್ರವೃತ್ತವಾದುದೇ ಶೈತ್ಯಪೇಟಿಕಾಮೀಮಾಂಸೆ. ಇದರ ಪ್ರತಿಪಾದ್ಯವನ್ನು ಲೋಕವು ಫ್ರಿಜ್ ಎಂದು ವ್ಯವಹರಿಸುತ್ತದೆ.

ಶಾಸ್ತ್ರಾರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳುವುದು ಸಂಪ್ರದಾಯ. ಅಧಿಕಾರಿ: ಮುಂಬಯಿ ಅಥವಾ ಅದರ ಉಪನಗರಗಳಲ್ಲಿ ನೆಲೆಸಿ, ವಾರಕ್ಕೆ ಒಮ್ಮೆಯಾದರೂ ದೋಸೆಗೆ ರುಬ್ಬುವ ಕನ್ನಡ ಗೃಹಸ್ಥ. ವಿಷಯ: ಫ್ರಿಜ್. ಪ್ರಯೋಜನ: ಹಾಲು ಒಡೆಯದಿರುವುದು ಮತ್ತು ಮನೆಯವರಿಗೆ ಶಾಕ್ ಹೊಡೆಯದಿರುವುದು, ಇವೆರಡೂ ದೃಷ್ಟಪ್ರಯೋಜನಗಳೇ, ಪಾರಲೌಕಿಕ ಫಲ ಯಾವುದೂ ಇಲ್ಲ. ಸಂಬಂಧ: ಪ್ರತಿಪಾದ್ಯಪ್ರತಿಪಾದಕಭಾವ.

ಐತಿಹ್ಯವನ್ನು ಸಂಕ್ಷೇಪಿಸುತ್ತೇವೆ. 1833ರಲ್ಲಿ ಬೋಸ್ಟನ್ನಿನಿಂದ ಬಂದ ಹಡಗು ಕಲ್ಕತ್ತೆಯಲ್ಲಿ ಮಂಜುಗಡ್ಡೆ ಇಳಿಸಿತು. ಅದೇ ದಶಕದಲ್ಲಿ ಮುಂಬಯಿಗೂ ಅಮೆರಿಕದ ಮಂಜುಗಡ್ಡೆ ಬಂತು. 1834ರಲ್ಲಿ ಜೇಕಬ್ ಪರ್ಕಿನ್ಸ್ ಬಾಷ್ಪಸಂಪೀಡನ ಯಂತ್ರಕ್ಕೆ ಪೇಟೆಂಟ್ ಪಡೆದನು. 1958ರಲ್ಲಿ ಗೋದ್ರೆಜ್ ಸಂಸ್ಥೆಯು ಭಾರತದಲ್ಲೇ ಫ್ರಿಜ್ ತಯಾರಿಸತೊಡಗಿತು. ಅದಕ್ಕೆ ಮೊದಲಿನ ನೆಲುವು, ಹೂಜಿ, ನೀರಿನ ತಟ್ಟೆಯಲ್ಲಿ ನಿಲ್ಲಿಸಿದ ಹಾಲಿನ ಪಾತ್ರೆಗಳು ಶಾಸ್ತ್ರದ ಪ್ರಾಗ್ರೂಪಗಳು.

ಪ್ರಥಮ ಪ್ರಕರಣ: ಲಕ್ಷಣ

ಲಕ್ಷಣವು ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳಿಂದ ಮುಕ್ತವಾಗಿರಬೇಕು. ‘ಆಹಾರವನ್ನಿಡುವ ಪೆಟ್ಟಿಗೆ’ ಎಂದರೆ ಅಕ್ಕಿಡಬ್ಬಿಯಲ್ಲಿ ಅತಿವ್ಯಾಪ್ತಿ. ‘ಆಹಾರವನ್ನು ಮಾತ್ರ ತಣ್ಣಗಿಡುವ ಪೆಟ್ಟಿಗೆ’ ಎಂದು ತಿದ್ದಿದರೆ, ಇನ್ಸುಲಿನ್, ಕಣ್ಣಿನ ಔಷಧ, ಉಗುರುಬಣ್ಣ ಹಾಗೂ ಮಾಟುಂಗಾ ಮಾರುಕಟ್ಟೆಯಿಂದ ತಂದ ಮಲ್ಲಿಗೆಯ ದಂಡೆಗಳಿರುವ ಫ್ರಿಜ್‌ಗಳು ಹೊರಗುಳಿದು ಅವ್ಯಾಪ್ತಿ. ಇವುಗಳಲ್ಲಿ ಒಂದೂ ಇಲ್ಲದ ಫ್ರಿಜ್ ನಮ್ಮ ಅವಲೋಕನಕ್ಕೆ ಬಂದಿಲ್ಲ. ‘ಶೀತವನ್ನು ಉತ್ಪಾದಿಸುವ ಯಂತ್ರ’ ಎಂದರೆ ಅಸಂಭವ. ಏಕೆಂದರೆ ಶೀತವು ದ್ರವ್ಯವಲ್ಲ, ತಾಪದ ನ್ಯೂನತೆ ಮಾತ್ರ. ಒಳಗಿನ ಕೊಳವೆಯಲ್ಲಿ ಶೀತಕದ್ರವವು ಆವಿಯಾಗುತ್ತ ತಾಪವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಅದುಮುತ್ತದೆ. ಹಿಂಬದಿಯ ಅಥವಾ ಪಕ್ಕದ ಕೊಳವೆಯಲ್ಲಿ ಅದು ತಾಪವನ್ನು ಚೆಲ್ಲಿ ಮರಳಿ ದ್ರವವಾಗುತ್ತದೆ. ಅಂದರೆ ಪೆಟ್ಟಿಗೆಯಿಂದ ಹೊರಬಿದ್ದ ತಾಪ, ಕಂಪ್ರೆಸರಿನ ಶ್ರಮದ ತಾಪ, ಇವೆರಡೂ ಸೇರುವುದು ಮನೆಯನ್ನೇ. ಮೇ ತಿಂಗಳಲ್ಲಿ ಫ್ರಿಜ್ ಬಾಗಿಲು ತೆರೆದಿಟ್ಟು ಕೋಣೆಯನ್ನು ತಂಪಾಗಿಸಬಹುದೆಂಬ ಪೂರ್ವಪಕ್ಷವು ಇದರಿಂದ ನಿರಸ್ತ: ಹಾಗೆ ಮಾಡಿದರೆ ಕೋಣೆ ಬಿಸಿಯೇರುತ್ತದೆ.

ಆದ್ದರಿಂದ ಸಿದ್ಧಾಂತಲಕ್ಷಣ: ‘ಒಳಗಿನ ತಾಪವನ್ನು ಹೊರಕ್ಕೂ, ಇಂದಿನ ತೀರ್ಮಾನವನ್ನು ನಾಳೆಗೂ ಸಾಗಿಸುವ ಪೆಟ್ಟಿಗೆಯೇ ಫ್ರಿಜ್.’ ಅದು ಯಾವುದನ್ನೂ ಇಲ್ಲವಾಗಿಸದು, ಸ್ಥಳಾಂತರಿಸುತ್ತದೆ, ಮುಂದೂಡುತ್ತದೆ. ಉತ್ತರಪ್ರಕರಣಗಳೆಲ್ಲ ಈ ಲಕ್ಷಣದ ವಿವರಣೆಯೇ.

ದ್ವಿತೀಯ ಪ್ರಕರಣ: ಪ್ರತಿಷ್ಠೆ

ಪ್ರತಿಷ್ಠೆಗೆ ಪೂರ್ವಾಂಗವಾದ ಆರೋಹಣವು ತ್ರಿವಿಧ. 1) ಯಂತ್ರಾರೋಹಣ: ಲಿಫ್ಟಿನಿಂದ. 2) ಸ್ಕಂಧಾರೋಹಣ: ಲಿಫ್ಟಿನ ಬಾಗಿಲಿಗಿಂತ ಫ್ರಿಜ್ ಅಗಲವಾದಾಗ, ಹಮಾಲರ ಬೆನ್ನಿನ ಮೇಲೆ ಮೆಟ್ಟಿಲಿನ ಮಾರ್ಗವಾಗಿ. 3) ರಜ್ಜ್ವಾರೋಹಣ: ಮೆಟ್ಟಿಲೂ ಇಕ್ಕಟ್ಟಾದಾಗ, ಹಗ್ಗ ಕಟ್ಟಿ ಚಾಳಿನ ಗ್ಯಾಲರಿಗೆ. ಕೊನೆಯ ಎರಡರಲ್ಲಿ ಪೆಟ್ಟಿಗೆ ವಾಲುವುದು ಅನಿವಾರ್ಯ. ವಾಲಿದಾಗ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ. ಆದಕಾರಣ ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಮೌನವಾಗಿ ಬಿಟ್ಟ ಬಳಿಕವೇ ವಿದ್ಯುತ್ತು ಕೊಡತಕ್ಕದ್ದು. ಆ ಅವಧಿಯಲ್ಲಿ ಅರಶಿನ ಕುಂಕುಮ ಹಚ್ಚುವುದಕ್ಕೆ ಶಾಸ್ತ್ರದ ಆಕ್ಷೇಪವಿಲ್ಲ. ಕಾಲವು ಹೇಗೂ ಕಳೆಯಬೇಕಾಗಿದೆ.

ಸ್ಥಾನವು ಚತುರ್ವಿಧ. 1) ಪಾಕಶಾಲಾಸ್ಥ: ಒಲೆಯ ತಾಪ ತಟ್ಟದಷ್ಟು ದೂರವಿದ್ದರೆ ಉತ್ತಮ. 2) ಮಧ್ಯಶಾಲಾಸ್ಥ: ಹಾಲ್‌ನಲ್ಲಿ ಟೀವಿಯ ಪಕ್ಕ, ಅಡುಗೆಮನೆ ಒಬ್ಬರಿಗಷ್ಟೇ ತಿರುಗಲು ಸಾಲುವಲ್ಲಿ ಇದು ವಿಹಿತ. 3) ದ್ವಾರವಿರೋಧಿ: ಮನೆಯ ಬಾಗಿಲೂ ಫ್ರಿಜ್ಜಿನ ಬಾಗಿಲೂ ಯುಗಪತ್ ತೆರೆಯಲಾಗದ ಸ್ಥಾನ. ಇಲ್ಲಿ ಕರೆಗಂಟೆ ಒತ್ತಿದವನು ಮಜ್ಜಿಗೆ ತೆಗೆದಾಗುವ ತನಕ ಕಾಯುತ್ತಾನೆ. ಕಾದವನು ಅತಿಥಿಯೋ ಇಸ್ತ್ರಿಯವನೋ ಎಂಬ ಭೇದವನ್ನು ಈ ಸ್ಥಾನ ಗಣಿಸದು. 4) ಅಲಿಂದಸ್ಥ: ಮುಚ್ಚಿಸಿಕೊಂಡ ಬಾಲ್ಕನಿಯಲ್ಲಿ. ಮಳೆಯ ಎರಚಲೂ ಕಡಲಿನ ಉಪ್ಪುಗಾಳಿಯೂ ತಾಗುವುದರಿಂದ ಇದು ನಿಷಿದ್ಧ.

ಪೃಷ್ಠಾಂತರ, ಅಂದರೆ ಗೋಡೆಗೂ ಫ್ರಿಜ್ಜಿನ ಬೆನ್ನಿಗೂ ನಡುವಿನ ರಿಕ್ತತೆ, ಪ್ರತ್ಯೇಕ ವಿಚಾರಾರ್ಹ. ಅದನ್ನು 10 ಸೆಂಟಿಮೀಟರೆಂದೂ ಫ್ರಿಜ್ಜಿನ ಅಗಲವನ್ನು 55 ಸೆಂಟಿಮೀಟರೆಂದೂ ಹಿಡಿದರೆ ರಿಕ್ತತೆಯ ವಿಸ್ತೀರ್ಣ 550 ಚದರ ಸೆಂಟಿಮೀಟರ್, ಎಂದರೆ ಸುಮಾರು 0.6 ಚದರಡಿ. ವರ್ಲಿಯ ಬಿಡಿಡಿ ಚಾಳಿನ 160 ಚದರಡಿ ಕೋಣೆಯಲ್ಲಿ ಇದು ಸಾವಿರದಲ್ಲಿ ನಾಲ್ಕು ಪಾಲಿಗಿಂತ ಕಿಂಚಿತ್ ಕಡಿಮೆ. ಇಷ್ಟನ್ನು ಏನೂ ಇಡದೆ ಬಿಡುವುದು ಈ ನಗರದಲ್ಲಿ ಅಸಾಮಾನ್ಯ ವೈರಾಗ್ಯವನ್ನು ಅಪೇಕ್ಷಿಸುತ್ತದೆ. ಆದುದರಿಂದಲೇ ಅಲ್ಲಿ ಕ್ರಮೇಣ ಮಡಚುವ ಕುರ್ಚಿ, ಕೊಡೆ, ಕಳೆದ ವರ್ಷದ ಕ್ಯಾಲೆಂಡರ್, ಸೇವಿಗೆಯ ಒರಳು ಪ್ರವೇಶಿಸುತ್ತವೆ. ತಾಪ ಹೊರಡಲು ದಾರಿ ಕಾಣದೆ ಕಂಪ್ರೆಸರ್ ವಿರಾಮವಿಲ್ಲದೆ ದುಡಿಯುತ್ತದೆ, ಆ 0.6 ಚದರಡಿಯ ಬಾಡಿಗೆಯನ್ನು ವಿದ್ಯುತ್ ಬಿಲ್ಲು ವಸೂಲು ಮಾಡುತ್ತದೆ.

ತೃತೀಯ ಪ್ರಕರಣ: ವಿದ್ಯುತ್ತು

ದ್ವೀಪನಗರದಲ್ಲಿ ಬೆಸ್ಟ್, ಉಪನಗರಗಳಲ್ಲಿ ಅದಾನಿ ಮತ್ತು ಟಾಟಾ, ಭಾಂಡುಪ್ ಮುಲುಂಡ್‌ಗಳಲ್ಲಿ ಮಹಾವಿತರಣ. ಪೂರೈಕೆಯ ಭೇದದಿಂದ ಭೂಸಂಪರ್ಕದ ನಿಯಮ ಭೇದಿಸದು. ಪ್ಲಗ್ಗಿನ ಮೂರು ಪಿನ್ನುಗಳಲ್ಲಿ ಅರ್ಥಿಂಗಿನದು ಉದ್ದವೂ ದಪ್ಪವೂ ಆಗಿದೆ. ಅದು ಮೊದಲು ಕೂಡಿ, ಕೊನೆಗೆ ಅಗಲತಕ್ಕದ್ದೆಂಬುದೇ ಕಾರಣ. ಗೃಹಿಣಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಲೋಹದ ಹಿಡಿ ಹಿಡಿಯುವಾಗ ಆಕೆಗೂ ಸೋರಿದ ವಿದ್ಯುತ್ತಿಗೂ ನಡುವೆ ಇರುವ ರಕ್ಷಕರಲ್ಲಿ ಈ ಪಿನ್ನು ಒಂದು. ಇದನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ಹೊಂದಿಸುವುದು ಮಹಾಪಾತಕ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಮೊಬೈಲ್ ಚಾರ್ಜರುಗಳ ಜೊತೆ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಫ್ರಿಜ್ಜನ್ನು ಸಿಕ್ಕಿಸುವುದು ಉಪಪಾತಕ. ಅದರ ಪರಿಣಾಮ ಮಹಾಪಾತಕಕ್ಕಿಂತ ಕಿರಿದೆಂದು ಭಾವಿಸಬಾರದು, ಏಕೆಂದರೆ ಅಗ್ನಿಗೆ ಈ ವಿಭಾಗ ತಿಳಿಯದು.

ವಿದ್ಯುಲ್ಲೋಪದಲ್ಲಿ ಕರ್ತವ್ಯವೇನು? 2020ರ ಅಕ್ಟೋಬರ್ 12ರಂದು ಲೋಕಲ್ ರೈಲುಗಳೂ ನಿಂತಾಗ ಈ ಪ್ರಶ್ನೆ ಸಮಸ್ತ ಮುಂಬಯಿಗೆ ಪ್ರಾಪ್ತವಾಯಿತು. ಮುಚ್ಚಿದ ಫ್ರಿಜ್ ಸುಮಾರು 4 ಗಂಟೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ ಶೈತ್ಯವನ್ನು ಕಾಯುತ್ತದೆ. ಇನ್ನೂ ತಣ್ಣಗಿದೆಯೇ ಎಂದು ತೆರೆದು ನೋಡುವ ಪ್ರತಿಯೊಂದು ಪರೀಕ್ಷೆಯೂ ತಾನು ಪರೀಕ್ಷಿಸುವುದನ್ನೇ ಕ್ಷಯಗೊಳಿಸುತ್ತದೆ.

ಚತುರ್ಥ ಪ್ರಕರಣ: ಆಧಾರಾಧೇಯಭಾವ

ಫ್ರೀಜರಿನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ, ಕೆಳಗಿನ ಮನೆಯಲ್ಲಿ 4 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು, ಇದು ಪ್ರಮಾಣತಾಪ. ಬಾಗಿಲಿನ ಅರೆಗಳು ಎಲ್ಲಕ್ಕಿಂತ ಬೆಚ್ಚಗಿನವು. ಉಪ್ಪಿನಕಾಯಿ ಅಲ್ಲಿ ಇರಬಹುದು, ಹಾಲು ಇರಕೂಡದು. ಹಸಿ ಬಂಗುಡೆಯನ್ನು ಮುಚ್ಚಿದ ಡಬ್ಬಿಯಲ್ಲಿ ಎಲ್ಲಕ್ಕಿಂತ ಕೆಳಗೆ ಇಡತಕ್ಕದ್ದು, ಅದರ ನೀರು ಬೆಂದ ಪದಾರ್ಥದ ಮೇಲೆ ತೊಟ್ಟಿಕ್ಕದಂತೆ. ಇಲ್ಲಿ ಹೇಳಿದ ಸ್ಪರ್ಶದೋಷವು ಕುಲಸಂಬಂಧಿಯಲ್ಲ, ಜೀವಾಣುಸಂಬಂಧಿ.

ಆಧೇಯಗಳು ಸ್ಥಾವರ, ಜಂಗಮವೆಂದು ದ್ವಿವಿಧ. ಜಂಗಮವರ್ಗದಲ್ಲಿ ದೋಸೆಹಿಟ್ಟು ಒಂದೇ. ಶೈತ್ಯವು ಹುದುಗನ್ನು ನಿಧಾನಿಸುತ್ತದೆಯೇ ಹೊರತು ನಿಲ್ಲಿಸದು. ಅಂಗಾರಾಮ್ಲ ಅನಿಲವನ್ನು ಬಿಡುತ್ತ ಹಿಟ್ಟು ಮೇಲೇರಿ, ಮುಚ್ಚಳವನ್ನೆತ್ತಿ, ಅರೆಯಿಂದರೆಗೆ ಅವತರಿಸಿ, ತರಕಾರಿಯ ಡ್ರಾಯರಿನಲ್ಲಿ ವಿಶ್ರಮಿಸುತ್ತದೆ. ಪಾತ್ರೆಯ ಮೂರನೆಯ ಒಂದಂಶವನ್ನು ಬರಿದಾಗಿಡುವುದು ಪರಿಹಾರ. ಪೃಷ್ಠಾಂತರದಂತೆ ಇಲ್ಲಿಯೂ ರಿಕ್ತತೆಯೇ ರಕ್ಷೆ.

ಪಂಚಮ ಪ್ರಕರಣ: ಜಲಾಭಾವ

ವೈಶೇಷಿಕರು ಅಭಾವವನ್ನು ನಾಲ್ಕಾಗಿ ವಿಂಗಡಿಸಿದರು. ಘಟಪಟಗಳಿಂದ ಅದನ್ನು ಉದಾಹರಿಸುವುದು ರೂಢಿ. ಫ್ರಿಜ್ಜಿನ ನೀರಿನ ಬಾಟಲಿಯಲ್ಲಿ ನಾಲ್ಕೂ ಪ್ರತಿದಿನ ಲಭ್ಯ. 1) ಪ್ರಾಗಭಾವ: ಬಾಟಲಿಯನ್ನು ಈಗಷ್ಟೇ ತುಂಬಿಸಿಡಲಾಗಿದೆ, ತಣ್ಣೀರು ಇನ್ನೂ ಹುಟ್ಟಿಲ್ಲ. 2) ಪ್ರಧ್ವಂಸಾಭಾವ: ಯಾರೋ ಕುಡಿದು ಮುಗಿಸಿ, ಖಾಲಿ ಬಾಟಲಿಯನ್ನು ಮುಚ್ಚಳ ಸಹಿತ ಯಥಾಸ್ಥಾನದಲ್ಲಿ ಇಟ್ಟಿದ್ದಾರೆ. ಈ ಅಭಾವಕ್ಕೆ ಆದಿಯುಂಟು, ಅಂತ್ಯವಿಲ್ಲ. ಕರ್ತೃ ಎಂದೂ ಸಿಕ್ಕುವುದಿಲ್ಲ. 3) ಅತ್ಯಂತಾಭಾವ: ಬೆಳಗ್ಗೆ ನಲ್ಲಿಯಲ್ಲಿ ನೀರು ಬಂದ ಹೊತ್ತಿಗೆ ಯಾರೂ ಬಾಟಲಿ ತುಂಬಿಸಲೇ ಇಲ್ಲ. 4) ಅನ್ಯೋನ್ಯಾಭಾವ: ಬಾಟಲಿಯಲ್ಲಿರುವುದು ನೀರಲ್ಲ, ಅಜ್ಜಿಗೆಂದು ತೆಗೆದಿಟ್ಟ ಎಳನೀರು, ನೀರಾಗಿ ಕಂಡದ್ದು ನೀರಲ್ಲವೆಂಬ ಜ್ಞಾನವು ಪಾನಾನಂತರವೇ ಉಂಟಾಗುತ್ತದೆ. ಬಾಟಲಿಗೆ ಚೀಟಿ ಅಂಟಿಸುವುದರಿಂದ ನಾಲ್ಕನೆಯದು ಮಾತ್ರ ನಿವಾರ್ಯ.

ಷಷ್ಠ ಪ್ರಕರಣ: ದ್ವಾರೋದ್ಘಾಟನ

ಬಾಗಿಲು ತೆರೆಯುವಿಕೆ ತ್ರಿವಿಧ. 1) ಸಸಂಕಲ್ಪ: ಬೇಕಾದ ವಸ್ತುವನ್ನು ನಿಶ್ಚಯಿಸಿ ತೆರೆಯುವುದು. 2) ನಿಸ್ಸಂಕಲ್ಪ: ನಿಶ್ಚಯವಿಲ್ಲದೆ ತೆರೆದು, ತಣ್ಣನೆಯ ಬೆಳಕಿನೆದುರು ನಿಂತು ಧ್ಯಾನಿಸುವುದು. 3) ಪುನರುದ್ಘಾಟನ: ಹತ್ತು ನಿಮಿಷ ಕಳೆದು, ನಡುವೆ ಯಾರೂ ಏನೂ ಇಟ್ಟಿಲ್ಲವೆಂದು ಬಲ್ಲವನೇ ಹೊಸದೊಂದರ ನಿರೀಕ್ಷೆಯಿಂದ ಮತ್ತೆ ತೆರೆಯುವುದು. ಅಸತ್ಕಾರ್ಯವಾದಕ್ಕೆ ಇಷ್ಟು ದೃಢ ಅನುಯಾಯಿಗಳು ದರ್ಶನಪೀಠಗಳಲ್ಲಿಯೂ ದುರ್ಲಭ. ತೆರೆದಾಗಲೆಲ್ಲ ಮುಂಬಯಿಯ ಆರ್ದ್ರವಾಯು ಒಳಹೊಕ್ಕು ಹಿಮವಾಗಿ ಕಟ್ಟುತ್ತದೆ. ಬಾಗಿಲಿನ ರಬ್ಬರು ಬಿಗಿಯಾಗಿದೆಯೇ ಎಂದು ತಿಳಿಯಲು ಒಂದು ನೋಟನ್ನು ನಡುವೆ ಇಟ್ಟು ಮುಚ್ಚಿ ಎಳೆಯಬೇಕು. ಸಲೀಸಾಗಿ ಜಾರಿ ಬಂದರೆ ರಬ್ಬರು ಶಿಥಿಲ. ನೋಟಿನ ಮುಖಬೆಲೆಯಿಂದ ಫಲ ವ್ಯತ್ಯಾಸವಾಗದು.

ಸಪ್ತಮ ಪ್ರಕರಣ: ಪ್ರಮಾಣ

ಈ ಸಾಂಬಾರು ಉಣ್ಣಲು ಯೋಗ್ಯವೇ ಎಂಬ ಸಂಶಯದಲ್ಲಿ ಪ್ರಮಾಣಗಳು ನಾಲ್ಕು. 1) ಪ್ರತ್ಯಕ್ಷ: ಮೂಸುವುದು. 2) ಅನುಮಾನ: ನೊರೆಯಿಂದ ಹಳಸಿಕೆಯನ್ನು ಊಹಿಸುವುದು. 3) ಶಬ್ದ: ‘ಅದು ಮೊನ್ನೆ ಮಾಡಿದ್ದು’ ಎಂಬ ಅತ್ತೆಯ ಆಪ್ತವಾಕ್ಯ. ಕನ್ನಡದಲ್ಲಿ ‘ಮೊನ್ನೆ’ ಎಂಬುದು ನಿನ್ನೆಯ ಹಿಂದಿನ ದಿನವನ್ನೂ, ಕಳೆದ ವಾರವನ್ನೂ, ಒಮ್ಮೊಮ್ಮೆ ನಾಗರಪಂಚಮಿಯನ್ನೂ ಬೋಧಿಸುವುದರಿಂದ, ವಾಕ್ಯ ನಿರ್ದುಷ್ಟವಾದರೂ ಅರ್ಥ ಅನಿಶ್ಚಿತ. 4) ಅನುಪಲಬ್ಧಿ: ದುರ್ಗಂಧ ಕಾಣದ್ದರಿಂದ ದೋಷವಿಲ್ಲವೆನ್ನುವುದು. ಇದು ಅತ್ಯಂತ ಅಪಾಯಕಾರಿ, ಏಕೆಂದರೆ ರೋಗಕಾರಕ ಜೀವಾಣುಗಳು ವಾಸನೆ ಬೀರಲೇಬೇಕೆಂಬ ನಿಯಮವಿಲ್ಲ. ಲಿಸ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ವೃದ್ಧಿಸುತ್ತದೆ.

‘ಮತ್ತೊಮ್ಮೆ ಕುದಿಸಿದರೆ ಸರಿಯಾಗುತ್ತದೆ’ ಎಂಬ ಪ್ರಾಯಶ್ಚಿತ್ತವಾದಿಗಳ ಮತವೂ ಅಗ್ರಾಹ್ಯ. ಹೊರಗೇ ಉಳಿದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಾಣು ಉಂಟುಮಾಡುವ ವಿಷವೊಂದು ಕುದಿಗೂ ನಾಶವಾಗದು. ಆದ್ದರಿಂದ ಅಟ್ಟ ಎರಡು ಗಂಟೆಯೊಳಗೆ, ಅಗಲ ಪಾತ್ರೆಗಳಲ್ಲಿ ಹರಡಿ ಆರಿಸಿ, ತಾರೀಕು ಬರೆದು ಒಳಗಿಡುವುದೇ ವಿಧಿ. ಲಿಖಿತ ತಾರೀಕು ಐದನೆಯ ಪ್ರಮಾಣ. ಉಳಿದ ನಾಲ್ಕನ್ನೂ ಅದು ಬಾಧಿಸುತ್ತದೆ, ಅತ್ತೆಯ ಉಪಸ್ಥಿತಿಯಲ್ಲಿ ಮೂರನೆಯದನ್ನು ಬಿಟ್ಟು.

ಅಷ್ಟಮ ಪ್ರಕರಣ: ಶೌಚ ಮತ್ತು ವರ್ಷಾಕಾಲ

ಕಟ್ಟಿದ ಹಿಮಕ್ಕೆ ಚಿಕಿತ್ಸೆ ದ್ವಿವಿಧ. ಶಸ್ತ್ರಚಿಕಿತ್ಸೆ, ಎಂದರೆ ಚೂರಿ ಸಟ್ಟುಗಗಳಿಂದ ಕೆತ್ತುವುದು, ಸರ್ವಥಾ ವರ್ಜ್ಯ: ತೆಳು ಕೊಳವೆ ತೂತಾದರೆ ಶೀತಕ ಸೋರುತ್ತದೆ; ಹೊಸ ಫ್ರಿಜ್‌ಗಳಲ್ಲಿ ಬಳಕೆಯಲ್ಲಿರುವ ಐಸೋಬ್ಯೂಟೇನ್ ದಹನಶೀಲ. ಕಾಲಚಿಕಿತ್ಸೆ, ಎಂದರೆ ಸ್ವಿಚ್ಚು ಆರಿಸಿ ಬಾಗಿಲು ತೆರೆದು ಕಾಯುವುದು, ಗ್ರಾಹ್ಯ. ಉದ್ಘಾಟಿತ ದ್ವಾರವು ಗುಣವಾಗಿ ಪರಿಣಮಿಸುವ ಪ್ರಸಂಗ ಶಾಸ್ತ್ರದಲ್ಲಿ ಇದೊಂದೇ.

ಹಿಂಬದಿಯಲ್ಲಿ ಕಂಪ್ರೆಸರಿನ ಮೇಲೆ ಜಲಧಾನಿಯೊಂದಿದೆ, ಲೋಕರೂಢಿಯಲ್ಲಿ ಟ್ರೇ. ಹಲವು ಗೃಹಸ್ಥರು ತಮ್ಮ ಫ್ರಿಜ್ಜಿಗೆ ಈ ಅಂಗವಿದೆಯೆಂದು ಮೊದಲು ತಿಳಿಯುವುದು ಮಳೆಗಾಲದಲ್ಲಿ ಮಹಾನಗರಪಾಲಿಕೆಯ ಕೀಟನಿಯಂತ್ರಣ ಸಿಬ್ಬಂದಿ ಟಾರ್ಚ್ ಹಿಡಿದು ಬಂದು ಬಗ್ಗಿದಾಗ. ಡೆಂಗೀ ಹರಡುವ ಈಡಿಸ್ ಸೊಳ್ಳೆ ಇಂಥ ಸ್ವಚ್ಛ ನಿಂತ ನೀರನ್ನೇ ಬಯಸುತ್ತದೆ; ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದಕಾರಣ ವಾರಕ್ಕೊಮ್ಮೆ ಟ್ರೇಯನ್ನು ಬರಿದು ಮಾಡಿ, ತಿಕ್ಕಿ ಒಣಗಿಸತಕ್ಕದ್ದು. ಸ್ಥಳಾಂತರಿತವಾದ ನೀರೂ ಎಲ್ಲೋ ಒಂದೆಡೆ ಇದ್ದೇ ಇರುತ್ತದೆಯೆಂಬ ಮೂಲಲಕ್ಷಣ ಇಲ್ಲಿ ಸಮರ್ಥಿತ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅಂಥ ಪ್ರಸಂಗಕ್ಕೆ ಸೂತ್ರ: ಮುಖ್ಯ ಸ್ವಿಚ್ಚನ್ನು ಮೊದಲು ಆರಿಸಬೇಕು, ನೀರು ಹೊಕ್ಕ ಫ್ರಿಜ್ ಒಣಗಿದಂತೆ ಕಂಡರೂ ಬಲ್ಲವರು ಪರೀಕ್ಷಿಸುವ ತನಕ ಜೋಡಿಸಬಾರದು.

ನವಮ ಪ್ರಕರಣ: ವಿಸರ್ಜನೆ

ಗಣಪತಿಗೆ ಸಮುದ್ರವುಂಟು, ಫ್ರಿಜ್ಜಿಗಿಲ್ಲ. ಭಂಗಾರ್‌ವಾಲನು ತೂಕದಲ್ಲಿ ಕೊಂಡು ಕೊಳವೆ ಕತ್ತರಿಸಿದರೆ ಶೀತಕವು ಆಕಾಶಕ್ಕೆ ಸ್ಥಳಾಂತರಗೊಳ್ಳುತ್ತದೆ. ಇ-ತ್ಯಾಜ್ಯದ ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸುವುದು ವಿಹಿತ. ಅದುವರೆಗೆ ಮೆಟ್ಟಿಲ ಕೆಳಗೆ ಇಡುವುದಾದರೆ ಬಾಗಿಲನ್ನು ಕಳಚಲೇಬೇಕು. ಹಿಂದೆ ಹೊರಗಿನಿಂದ ಚಿಲಕ ಬೀಳುವ ಫ್ರಿಜ್‌ಗಳಲ್ಲಿ ಅಡಗಿದ ಮಕ್ಕಳು ಉಸಿರುಗಟ್ಟಿ ಸತ್ತರು. ಒಳಗಿನಿಂದಲೂ ತೆರೆಯಲಾಗಬೇಕೆಂದು ಅಮೆರಿಕವು 1956ರಲ್ಲಿ ಕಾನೂನು ಮಾಡಿತು, ಚಿಲಕದ ಸ್ಥಾನಕ್ಕೆ ಅಯಸ್ಕಾಂತ ಬಂತು. ಈ ಸೂತ್ರಕ್ಕೆ ಭೇದೋಪಭೇದಗಳಿಲ್ಲ, ಅಪವಾದವೂ ಇಲ್ಲ.

ಫಲಶ್ರುತಿ

ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಓದುವ ಗೃಹಸ್ಥನ ಹಾಲು ಒಡೆಯದು, ಹಿಟ್ಟು ಉಕ್ಕದು, ಟ್ರೇಯಲ್ಲಿ ಸೊಳ್ಳೆ ಹುಟ್ಟದು. ಮಿಕ್ಕ ಸಾಂಬಾರನ್ನು ಚೆಲ್ಲಬೇಕೋ ಉಣ್ಣಬೇಕೋ ಎಂಬುದನ್ನು ಶಾಸ್ತ್ರವು ನಾಳೆಯ ತನಕ ಮಾತ್ರ ಮುಂದೂಡಬಲ್ಲದು. ನಾಳೆ ಅದನ್ನು ಅವನೇ ತೀರ್ಮಾನಿಸಬೇಕು. ಪಾರಾಯಣಕ್ಕೆ ತಿಥಿನಕ್ಷತ್ರಗಳ ನಿಯಮವಿಲ್ಲ. ಫ್ರಿಜ್ಜಿನ ಎದುರು ನಿಂತು ಓದುವವರು ಬಾಗಿಲು ಮುಚ್ಚಿ ಓದತಕ್ಕದ್ದು.